ಪೈಪಿನ ಮೇಲಿನ ಮಣ್ಣು ಮಳೆಗೆ ನಿಲ್ಲುತ್ತಿಲ್ಲ, ನೀವೇನು ಮಾಡಿದಿರಿ?

ಕೇಳಿದವರು, ಕುಷ್ಟಗಿ ಕಡೆ:
ಬೋರು ಕೆಳಗೆ ಹಳ್ಳದ ಆಚೆ ಇದೆ, ಹೊಲ ಮೇಲೆ ದಿನ್ನೆಯಲ್ಲಿ. ನಡುವೆ ಮಸಾರಿ, ಅಂದರೆ ಕೆಂಪು ಮಣ್ಣಿನ ಇಳಿಜಾರು. 3 ಇಂಚಿನ ಪಿವಿಸಿ ಪೈಪನ್ನು 2 ಅಡಿ ಆಳದಲ್ಲಿ ಹೂತಿದ್ದೆ. ಹಿಂಗಾರಿ ಮಳೆಗೆ ಮಣ್ಣು ಕೊಚ್ಚಿ ಪೈಪು ಬಯಲಾಗಿದೆ, ಹಳ್ಳದ ದಂಡೆಯಲ್ಲಂತೂ ಜೋತಾಡುತ್ತಿದೆ. ಎರಡು ಸಲ ಮಣ್ಣು ಹಾಕಿಸಿದೆ, ಎರಡು ಸಲವೂ ಹೋಯಿತು.

ಯಲಬುರ್ಗಾದಿಂದ:
ಅಣ್ಣಾ, ನಾನೂ ಹಂಗೇ ಸುಮ್ನೆ ಜೆಸಿಬಿ ಬಾಡಿಗೆ ಕಟ್ಟಿದವನು. ಒಮ್ಮೆ ಅಗೆದ ಮಣ್ಣು ಪಕ್ಕದ ನೆಲದಷ್ಟು ಗಟ್ಟಿ ಇರುವುದಿಲ್ಲ, ಹಾಗಾಗಿ ಮಳೆ ನೀರು ನೀವು ಪೈಪಿಗೆ ತೋಡಿದ ತಗ್ಗನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ, ಮೇಲೆ ಎಷ್ಟು ಮಣ್ಣು ಸುರಿದರೂ ಅಷ್ಟೇ. ನಾನು ಮಾಡಿದ್ದು ಇದು: 20 ಅಡಿಗೊಂದರಂತೆ ತಗ್ಗಿಗೆ ಅಡ್ಡವಾಗಿ ಮಣ್ಣಿನ ಚೀಲ ಪೇರಿಸಿದೆ, ತಳದಿಂದಲೇ, ಪೈಪಿನ ಸುತ್ತ ಸಂದು ಬಿಡದೆ, ಎರಡೂ ಗೋಡೆಯೊಳಗೆ ಅರ್ಧ ಅಡಿ ಕೊರೆದು ಸಿಕ್ಕಿಸಿ. ನಡುವೆ ಅರ್ಧ ಅರ್ಧ ಅಡಿ ಮಣ್ಣು ಹಾಕಿ, ನೀರು ಚಿಮುಕಿಸಿ, ಕುಟ್ಟಿಸಿದೆ. ಮೇಲೆ ಓರೆಯಾಗಿ ಸಣ್ಣ ಒಡ್ಡು ಹಾಕಿ ನೀರನ್ನು ಪಕ್ಕದ ಹುಲ್ಲಿನ ಕಡೆ ತಿರುಗಿಸಿದೆ. ಆಮೇಲೆ ಮೂರು ಮಳೆಗಾಲ ಆಯಿತು, ಮುಟ್ಟಿಲ್ಲ.

ಸಿಂಧನೂರಿನಿಂದ:
ನಮ್ಮದು ಎರೆ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಆ ಎಳೆದಾಟಕ್ಕೆ ಜಾಯಿಂಟೇ ಕಿತ್ತು ಬರುತ್ತದೆ. ಪೈಪಿನ ಸುತ್ತ ಉಸುಕು ತುಂಬಿ ಅಂತಾರೆ, ನಮಗೆ ಸಮತಟ್ಟಿನಲ್ಲಿ ಒಳ್ಳೆಯದಾಯಿತು. ನಿಮ್ಮ ಇಳಿಜಾರಿನಲ್ಲಿ ಆ ಉಸುಕೇ ನೀರಿಗೆ ದಾರಿ, ಚೀಲದ ಅಡ್ಡಗಟ್ಟೆ ಇಲ್ಲದೆ ತುಂಬಬೇಡಿ. ಇನ್ನೊಂದು, ಮಳೆ ಇಲ್ಲದ ದಿನ ಲೈನಿನ ಮೇಲೆ ಎಲ್ಲಾದರೂ ಹಸಿ ಇದೆಯಾ, ಅಲ್ಲಿ ಮಾತ್ರ ಹುಲ್ಲು ಹಸಿರಾಗಿದೆಯಾ ನೋಡಿ. ಜಾಯಿಂಟ್ ಸೋರುತ್ತಿದ್ದರೆ ಒಳಗಿಂದಲೇ ಮಣ್ಣು ನೆನೆದು ಜಾರುತ್ತದೆ, ನಾವು ಮಳೆಯನ್ನು ಬೈಯುತ್ತಾ ಕೂರುತ್ತೇವೆ!

ಸಂಡೂರಿನಿಂದ:
ದಂಡೆಯ ತಲೆ ಮೇಲೆ ಬಿಲ್ಲಿನ ಹಾಗೆ ಬಾಗಿದ ಬಿರುಕು, ವಾಲಿದ ಕಂಬ ಕಂಡರೆ ಇಡೀ ಗುಡ್ಡೆಯೇ ಜಾರುತ್ತಿದೆ ಅಂತ. ಆಗ ಚೀಲ ಸಾಲದು, ಲೈನನ್ನೇ ಬೇರೆ ಕಡೆ ಎಳೆಯಿರಿ. ಬುಡದಲ್ಲಿ ಗರಸು ತೆಗೆಯಲು ಯಾರಿಗೂ ಬಿಡಬೇಡಿ, ನಮ್ಮ ಪಕ್ಕದ ಹೊಲದವರು ಬುಡ ಅಗೆದರು, ಮುಂದಿನ ಮಳೆಗೆ ಮೇಲಿನದೆಲ್ಲ ಕೆಳಗೆ. ಹಳ್ಳ ದಾಟುವ ಕಡೆ ಪಿವಿಸಿ ಬಿಟ್ಟು ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಎಚ್‌ಡಿಪಿಇ (ಬಾಗುವ ಗಟ್ಟಿ ಪ್ಲಾಸ್ಟಿಕ್) ಪೈಪು ಹಾಕಿ, ಹಳ್ಳ ಕೊರೆಯುವ ಆಳಕ್ಕಿಂತ ಕೆಳಗೆ ಹೂಳಿ. ದಂಡೆಗೆ ತಂತಿ ಜಾಲರಿಯಲ್ಲಿ ಕಲ್ಲು ತುಂಬಿ ಇಡಿ, ಸಿಮೆಂಟ್ ಗೋಡೆ ಬೇಡ, ಹಿಂದೆ ನೀರು ನಿಂತರೆ ತಳ್ಳಿಬಿಡುತ್ತದೆ. ಲೈನಿನ ಮೇಲೆ ಲಾವಂಚ ನೆಡಬಹುದು, ಬೇರು ನೇರ ಕೆಳಗಿಳಿಯುತ್ತದೆ. ಮರ ಮಾತ್ರ ದೂರ ಇರಲಿ.

ಕೇಳಿದವರು:
ತುಂಬಾ ಉಪಕಾರ. ಮನೆಯಲ್ಲಿ ಯೂರಿಯಾದ ಖಾಲಿ ಚೀಲ ಬಿದ್ದಿವೆ, ನಡೆಯುತ್ತದಾ?

ಯಲಬುರ್ಗಾದಿಂದ:
ನಡೆಯುತ್ತದೆ ಅಣ್ಣಾ, ನಾನೂ ಅದೇ ಹಾಕಿದ್ದು. ಬಿಸಿಲು ಬಿದ್ದರೆ ಪುಡಿಪುಡಿ ಆಗುತ್ತವೆ, ಮೇಲೆ ಅರ್ಧ ಅಡಿ ಮಣ್ಣು ಮುಚ್ಚಿಬಿಡಿ.