ಅಪ್‌ಡೇಟ್: ಕೆರೆ ಕಾಲುವೆ ಬಿಡಿಸ್ಕೊಂಡ್ವಿ

ಹಾಸನದ ಪಕ್ಕ ನಮ್ಮೂರ ಕೆರೆಗೆ ನೀರು ಬರೋ ರಾಜಕಾಲುವೆನ ಲೇಔಟ್‌ನೋರು ಮಣ್ಣು ಸುರಿದು ಮುಚ್ಚಿದಾರೆ, ಏನ್ ಮಾಡೋದು ಅಂತ ಬೇಸಿಗೇಲಿ ಕೇಳಿದ್ನಲ್ಲ. ನೀವೆಲ್ಲ ಹೇಳ್ದಂಗೆ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ವಿ, ಉತ್ತರಕ್ಕೆ 30 ದಿನಾನೂ ಪೂರ್ತಿ ಕಾಯಿಸಿದ್ರು, ಆದ್ರೆ ಕೈಗೆ ಬಂದ ಗ್ರಾಮ ನಕ್ಷೇಲಿ ಕಾಲುವೆ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ ಆಮೇಲೆ ಯಾರಿಗೂ ಇಲ್ಲ ಅನ್ನಕ್ಕಾಗ್ಲಿಲ್ಲ. ಊರ ಕೆರೆ-ಕುಂಟೆ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಕೇಸಲ್ಲಿ ಕೊಟ್ಟ ತೀರ್ಪನ್ನೂ ಕಾಲುವೆ ತೆರವಿನ ಅರ್ಜಿ ಜೊತೆ ಲಗತ್ತಿಸಿದ್ವಿ. ಸರ್ವೆ ದಿನ ಹೆಂಗಸ್ರೇ ಜಾಸ್ತಿ ಬಂದಿದ್ರು. ಲಂಟಾನ ಪೊದೆ ಒಳಗೆ ಗಡಿ ತೋರ್ಸೋ ಹಳೇ ಬಾಂದುಕಲ್ಲು, ನಮ್ಮ ದೊಡ್ಡಪ್ಪ ಕುಡುಗೋಲಲ್ಲಿ ಸವರಿ ತೋರ್ಸಿದಾಗ ನಂಗೆ ಕಣ್ಣು ತುಂಬ್ಕೊಂಡ್ಬಿಡ್ತು. ಮಣ್ಣು ತೆಗೆದಾಯ್ತು, ಮೊನ್ನೆ ಮಳೆಗೆ ನೀರು ತೂಬಿನ ಕಲ್ಲು ಮುಟ್ಟಿದೆ. ಚರಂಡಿ ನೀರು ಕೆರೆಗೆ ಬರೋದು ಇನ್ನೂ ನಿಂತಿಲ್ಲ, ಅದಕ್ಕೆ ಈ ವಾರ ಇನ್ನೊಂದು ಅರ್ಜಿ ಕೊಡ್ತಿದೀವಿ.