ಪದಚರ್ಚೆ: ‘ಎಲೆಕ್ಟಿವ್’ಗೆ ‘ಐಚ್ಛಿಕ’ ಅಂದರೆ ಸರಿಯಾ? (ಜೊತೆಗೆ ಕ್ರೆಡಿಟ್, ಗ್ರಾಜುಯೇಷನ್ ಕೂಡ)

ಎಲ್ಲರಿಗೂ ನಮಸ್ಕಾರ.

ಒಂದೇ ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ನಾಲ್ಕೈದಾದವು. ಸ್ವಲ್ಪ ಸಹಿಸಿಕೊಳ್ಳಿ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೆ, ಮಗು ಎಂಟನೇ ತರಗತಿಗೆ ಬಂತು ಅಂದರೆ ಒಂದೇ ಚಿಂತೆ. ಹೈಸ್ಕೂಲಿನ ನಾಲ್ಕು ವರ್ಷಕ್ಕೆ ಯಾವ ಯಾವ ವಿಷಯ ತೆಗೆದುಕೊಳ್ಳಬೇಕು? ಹಲವರು ಈಚೆಗೆ ಊರಿಂದ ಬಂದವರು. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರಿಗೂ ಗೊತ್ತಾಗಲಿ ಅಂತ ಎರಡು ಪುಟದ ಕನ್ನಡ ಹಾಳೆ ಮಾಡಿದೆ. ಎಲೆಕ್ಟಿವ್ (ಮಕ್ಕಳು ತಾವೇ ಆರಿಸಿಕೊಳ್ಳುವ ವಿಷಯ) ಅನ್ನುವ ಕಡೆಯೆಲ್ಲ ‘ಐಚ್ಛಿಕ ವಿಷಯ’ ಅಂತ ಹಾಕಿದೆ.

ಹಾಳೆ ಹಂಚಿದ ಮರುವಾರ ಒಬ್ಬ ತಾಯಿ ಸಿಕ್ಕಿದರು. “ಮಗನಿಗೆ ಹೇಳಿಬಿಟ್ಟೆ ಕಣ್ರೀ, ಐಚ್ಛಿಕ ಎಲ್ಲಾ ಬಿಟ್ಟುಬಿಡು, ಕಡ್ಡಾಯ ಇರೋದಷ್ಟೇ ತಗೋ ಅಂತ. ಹೊರೆ ಕಡಿಮೆ ಆಗತ್ತಲ್ವಾ?” ನನ್ನ ಹಾಳೆಯಲ್ಲೇ ಎರಡು ಸಾಲು ಕೆಳಗೆ ‘ಐಚ್ಛಿಕ ವಿಷಯಗಳ ಕ್ರೆಡಿಟ್ ಕಡ್ಡಾಯ’ ಅಂತ ಇತ್ತು (ಕ್ರೆಡಿಟ್ ಅಂದರೆ ಒಂದು ವಿಷಯ ಮುಗಿಸಿದ್ದಕ್ಕೆ ಲೆಕ್ಕಕ್ಕೆ ಸೇರುವ ಅಂಕೆ). ಅವರು ಅದನ್ನು ಟೈಪಿಂಗ್ ತಪ್ಪು ಅಂದುಕೊಂಡಿದ್ದರು. ಅವರದೇನು ತಪ್ಪು? ಆ ಸಾಲನ್ನು ನಾನೇ ಮತ್ತೆ ಓದಿದಾಗ ನನಗೂ ಹಾಗೇ ಅನ್ನಿಸಿತು.

ಊರಿನಲ್ಲಿ ಐಚ್ಛಿಕ ಅನ್ನುವ ಪದ ನಮಗೆ ಹೊಸದಲ್ಲ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವರು ಇಲ್ಲೇ ಎಷ್ಟೋ ಜನ ಇದ್ದೀರಿ. ಅಲ್ಲಿ ಅದರ ಅರ್ಥ ‘ನಾನು ಆರಿಸಿಕೊಂಡದ್ದು’. ಆರಿಸಿಕೊಂಡ ಮೇಲೆ ಪರೀಕ್ಷೆ ಬರೆಯಲೇಬೇಕು. ಆದರೆ ಕಾಲೇಜಿನ ಹೊರಗೆ ಐಚ್ಛಿಕ ಅಂದರೆ ‘ಬೇಕಾದರೆ ಮಾಡಿ, ಬೇಡದಿದ್ದರೆ ಬಿಡಿ’. ಒಂದೇ ಪದಕ್ಕೆ ಎರಡು ಮುಖ. ಇಲ್ಲಿನ ಎಲೆಕ್ಟಿವ್ ಮದುವೆ ಊಟದ ಪಲ್ಯದ ಹಾಗೆ. ಹುರುಳಿಕಾಯಿಯೋ ಎಲೆಕೋಸೋ ನಿಮ್ಮಿಷ್ಟ, ಎಲೆಯ ಆ ಮೂಲೆ ಖಾಲಿ ಇರುವ ಹಾಗಿಲ್ಲ.

ಅದರಲ್ಲೂ ಇನ್ನೊಂದು ಸೂಕ್ಷ್ಮ ಇದೆ. ಎಲೆಕ್ಟಿವ್ ಅಂದರೆ ಸಂಗೀತ, ಮರಗೆಲಸದಂಥ ಒಂದು ಜಾತಿಯ ವಿಷಯ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಗಣಿತ ಎರಡೇ ವರ್ಷ ಕೇಳುವ ಕಡೆ ಮೂರನೇ ವರ್ಷವೂ ಗಣಿತ ತೆಗೆದುಕೊಂಡರೆ, ಆ ಮೂರನೇ ವರ್ಷದ್ದು ಎಲೆಕ್ಟಿವ್ ಲೆಕ್ಕಕ್ಕೆ ಹೋಗುತ್ತದೆ. ಹಾಗಾದರೆ ಅದು ವಿಷಯದ ಹೆಸರಲ್ಲ, ಖಾತೆಯ ಹೆಸರು. ‘ಆಯ್ಕೆ ಖಾತೆ’ ಅಂದರೆ ಹೇಗೆ? ‘ಆಯ್ಕೆ ವಿಷಯ’ಕ್ಕಿಂತ ಇದೇ ನನಗೆ ಹಿಡಿಸಿದೆ.

ಖಾತೆ ಅಂದ ತಕ್ಷಣ ಮಿಕ್ಕ ಪದಗಳ ತೊಡಕೂ ಕಣ್ಣಿಗೆ ಬಿತ್ತು. ನಮ್ಮ ಶಾಲೆಯ ಪದಗಳೆಲ್ಲ ಪರೀಕ್ಷೆಯ ಸುತ್ತ ಬೆಳೆದವು. ಅಂಕ, ತೇರ್ಗಡೆ, ಉತ್ತೀರ್ಣ, ನಪಾಸು. ಎಸ್ಸೆಸ್ಸೆಲ್ಸಿ ಅಂದರೆ ಆರು ವಿಷಯ, 625 ಅಂಕ, ಕೊನೆಗೊಂದು ಪರೀಕ್ಷೆ, ಅಲ್ಲಿಗೆ ಮುಗೀತು. ಇಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಒಂದು ಕಾಲಕ್ಕೆ ಹೈಸ್ಕೂಲು ಬಿಡುವ ಮುಂಚೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. 2006ರಲ್ಲಿ ಮುಗಿಸಿದವರಿಂದ ಅದು ಕಡ್ಡಾಯವಾಯಿತು, 2015ರಲ್ಲಿ ನಿಂತುಹೋಯಿತು. ಈಗ ಇರುವುದು ನಾಲ್ಕು ವರ್ಷ ಒಂದೊಂದೇ ವಿಷಯ ಮುಗಿಸಿ ಕೂಡಿಟ್ಟುಕೊಳ್ಳುವ ಲೆಕ್ಕ ಅಷ್ಟೇ. ರಾಜ್ಯದ ಕಾನೂನು ಕೇಳುವ ಕನಿಷ್ಠ ಇದು: ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಚರಿತ್ರೆ ಮತ್ತು ಸಮಾಜ 3, ವ್ಯಾಯಾಮ 2, ಮತ್ತೆ ಕಲೆ, ಬೇರೆ ಭಾಷೆ ಅಥವಾ ಕಸುಬಿನ ಶಿಕ್ಷಣದಲ್ಲಿ ಯಾವುದಾದರೂ ಒಂದು, 1 ವರ್ಷ. ಇದರ ಮೇಲೆ ಆಯಾ ಕಡೆಯ ಶಾಲೆಗಳನ್ನು ನಡೆಸುವ ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟೂ ತನ್ನದನ್ನು ಸೇರಿಸುತ್ತದೆ. (ಊರಿನಲ್ಲಿ ಮಧುಗಿರಿ, ಶಿರಸಿ, ಚಿಕ್ಕೋಡಿಗಳು ಶೈಕ್ಷಣಿಕ ಜಿಲ್ಲೆಗಳಾಗಿರುವುದರಿಂದ ಸ್ಕೂಲ್ ಡಿಸ್ಟ್ರಿಕ್ಟಿಗೆ ‘ಶೈಕ್ಷಣಿಕ ಜಿಲ್ಲೆ’ ಅನ್ನಬಹುದು ಅಂತ ಮೊದಲು ಹೊಳೆಯಿತು. ಆದರೆ ಇಲ್ಲಿ ಅದನ್ನು ನಡೆಸುವುದು ಜನ ಓಟು ಹಾಕಿ ಆರಿಸಿದ ಮಂಡಳಿ. ಉಪನಿರ್ದೇಶಕರ ಕಚೇರಿ ಕಣ್ಮುಂದೆ ಬಂದರೆ ಕಷ್ಟ. ಡಿಸ್ಟ್ರಿಕ್ಟ್ ಅಂತಲೇ ಬಿಟ್ಟೆ.)

ಈಗ ಕ್ರೆಡಿಟ್. ಊರಿನ ಪದವಿ ಕಾಲೇಜುಗಳಲ್ಲೂ ಕ್ರೆಡಿಟ್ ಅನ್ನುವ ಪದ ಓಡಾಡುತ್ತಿದೆ, ಅದನ್ನು ಬದಲಿಸುವ ಹಟ ನನಗಿಲ್ಲ. ಆದರೆ ಅದರ ಜೊತೆಗೆ ಬರುವ ಕ್ರಿಯಾಪದ ಯಾವುದು? ‘ಕ್ರೆಡಿಟ್ ಗಳಿಸು’ ಅಂದರೆ ಬಹುಮಾನದ ಹಾಗೆ ಕೇಳುತ್ತದೆ. ‘ಪಡೆ’ ಸಪ್ಪೆ. ಅಂಗಡಿಯ ಪುಸ್ತಕದಲ್ಲಿ ಕ್ರೆಡಿಟ್ಟಿಗೆ ಇರುವ ಪದ ಜಮೆ. ‘ಇಂಗ್ಲಿಷಿಗೆ 30 ಜಮೆ ಆಗಿದೆ, ವ್ಯಾಯಾಮಕ್ಕೆ 10 ಬಾಕಿ.’ ಹೀಗೆ ಬರೆದು ಪಕ್ಕದ ಮನೆಯ ಅಜ್ಜಿಗೆ ಓದಿ ತೋರಿಸಿದೆ. ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. “ಅಷ್ಟೇನಾ? ಬಾಕಿ ಯಾವಾಗ ತೀರಿಸ್ತಾನೆ?” ಅಂದರು. ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ ಅಂತ ಹೇಳಿದೆ. ಕ್ರೆಡಿಟ್ ರಿಕವರಿ ಅನ್ನುವುದನ್ನು ವಿವರಿಸಲು ನಾನು ಹಾಳೆಯಲ್ಲಿ ಒಂದು ಇಡೀ ಪ್ಯಾರಾ ಬರೆದಿದ್ದೆ. ‘ಬಾಕಿ ತೀರಿಸುವುದು’ ಸಾಕಿತ್ತು.

ಕ್ರೆಡಿಟ್ಟಿನ ಅಳತೆಯೂ ಒಂದೇ ಅಲ್ಲ ಅನ್ನುವುದು ಮನೆಯಲ್ಲೇ ಗೊತ್ತಾಯಿತು. ಡಾಲಸ್‌ನಲ್ಲಿರುವ ನಮ್ಮ ಭಾವ ಫೋನಿನಲ್ಲಿ “ನಮ್ಮಲ್ಲಿ 26 ಆದ್ರೆ ಆಯ್ತು, ನಿಮ್ಮಲ್ಲಿ 220 ಕೇಳ್ತಾರಂತೆ, ಮಕ್ಕಳನ್ನ ಅರೆದುಬಿಡ್ತಾರೆ” ಅಂತ ಮರುಗಿದರು. ಅಲ್ಲಿ ಇಡೀ ವರ್ಷದ ಒಂದು ವಿಷಯಕ್ಕೆ 1 ಕ್ರೆಡಿಟ್. ನಮ್ಮ ಕಡೆ ಅರ್ಧ ವರ್ಷಕ್ಕೆ 5, ಇಡೀ ವರ್ಷಕ್ಕೆ 10. ನಮ್ಮ 220 ಅವರ ಅಳತೆಯಲ್ಲಿ 22. ಲೆಕ್ಕಕ್ಕೆ ಕೂತರೆ ಅವರದೇ ಜಾಸ್ತಿ. ಹಿಂದೆ ಊರೂರಿಗೆ ಸೇರಿನ ಅಳತೆ ಬೇರೆ ಇರುತ್ತಿತ್ತಲ್ಲ, ಹಾಗೆ. ಊರು ಬದಲಿಸುವವರಿಗಾಗಿ ಹಾಳೆಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ.

‘ತೇರ್ಗಡೆ’ ನನ್ನನ್ನು ತುಂಬ ಕಾಡಿಸಿತು. ಇಲ್ಲಿ ಡಿ ಗ್ರೇಡ್ ಬಂದರೂ ಸಾಮಾನ್ಯವಾಗಿ ಹೈಸ್ಕೂಲಿನ ಲೆಕ್ಕಕ್ಕೆ ಕ್ರೆಡಿಟ್ ಸಿಗುತ್ತದೆ. ಆದರೆ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಕ್ಯಾಲ್ ಸ್ಟೇಟ್‌ಗಳಿಗೆ ಅರ್ಜಿ ಹಾಕುವವರಿಗೆ ‘ಎ ಟು ಜಿ’ ಅನ್ನುವ ಬೇರೆಯೇ ಪಟ್ಟಿ ಇದೆ. 15 ವಿಷಯ, ಒಂದೊಂದೂ ಒಂದು ವರ್ಷದ್ದು. ಇಂಗ್ಲಿಷ್ 4, ಗಣಿತ 3, ಬೇರೆ ಭಾಷೆ 2, ಹೀಗೆ. ಅಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಬೇಕು. ಅಂದರೆ ಹುಡುಗ ತೇರ್ಗಡೆಯಾದನೋ ಇಲ್ಲವೋ? ಆಗಿದ್ದಾನೆ, ಆಗಿಲ್ಲ. ಈ ಪದ ಹಿಡಿದುಕೊಂಡು ಬರೆದರೆ ಓದುವವರು ತಲೆ ಚಚ್ಚಿಕೊಳ್ಳಬೇಕು.

ಇದಕ್ಕೆ ನನಗೆ ಸಿಕ್ಕಿದ್ದು ‘ಸಲ್ಲು’. ನಾಣ್ಯ ಸಲ್ಲುತ್ತದೆ, ಸಲ್ಲುವುದಿಲ್ಲ ಅನ್ನುತ್ತೇವಲ್ಲ, ಅದೇ. ‘ಡಿ ಬಂದ ವಿಷಯ ಹೈಸ್ಕೂಲಿನ ಲೆಕ್ಕಕ್ಕೆ ಸಲ್ಲುತ್ತದೆ, ಎ ಟು ಜಿ ಲೆಕ್ಕಕ್ಕೆ ಸಲ್ಲುವುದಿಲ್ಲ.’ ಎರಡು ಪಟ್ಟಿ ಬೇರೆ ಬೇರೆ ಅನ್ನುವುದು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಸಲ್ಲಿಸು, ಸಂದಾಯ ಎಲ್ಲ ಅದೇ ಮನೆಯವು, ಹಾಗಾಗಿ ಜಮೆ ಬಾಕಿಗಳ ಪಕ್ಕ ಚೆನ್ನಾಗಿ ಕೂರುತ್ತದೆ. ಒಂದು ಉಪಪ್ರಶ್ನೆ: ತೇರ್ಗಡೆಗೂ ನಮ್ಮ ‘ತೀರು’ವಿಗೂ ನಂಟಿದೆಯಾ? ತಮಿಳಿನಲ್ಲಿ ಪಾಸಾಗುವುದಕ್ಕೆ ತೇರ್ಚ್ಚಿ ಅನ್ನುತ್ತಾರೆ. ದ್ರಾವಿಡ ಮೂಲ ಬಲ್ಲವರು ಬಿಡಿಸಿ ಹೇಳಿ.

ಇಷ್ಟೆಲ್ಲ ಆದಮೇಲೆ ಸೋತದ್ದು ‘ಗ್ರಾಜುಯೇಷನ್’ ಹತ್ತಿರ. ಒಂದು ಸರ್ಕಾರಿ ಜಾಲಪುಟವನ್ನು ಯಂತ್ರಾನುವಾದಕ್ಕೆ ಹಾಕಿ ನೋಡಿದೆ. ‘ಪದವಿ ಅಗತ್ಯತೆಗಳು’ ಅಂತ ಬಂತು. ಅಗತ್ಯಕ್ಕೆ ಇನ್ನೊಂದು ‘ತೆ’ ಯಾಕೆ ಅನ್ನುವ ಜಗಳ ನಮ್ಮ ಪದಚರ್ಚೆಯಲ್ಲಿ ಆಗಲೇ ಆಗಿದೆ, ಬಿಡಿ. ನನ್ನ ತಕರಾರು ‘ಪದವಿ’ ಬಗ್ಗೆ. ನಮಗೆ ಪದವಿ ಅಂದರೆ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಹೋದ ವರ್ಷ ನಮ್ಮ ದೊಡ್ಡವನ ಗ್ರಾಜುಯೇಷನ್ ಫೋಟೊ ಹಾಸನಕ್ಕೆ ಕಳಿಸಿದೆ. ಕಪ್ಪು ಗೌನು, ಚೌಕದ ಟೋಪಿ, ಎಲ್ಲ ಇತ್ತು. ನಮ್ಮ ಅಪ್ಪ ಬೀದಿಗೆಲ್ಲ ‘ಮೊಮ್ಮಗ ಗ್ರಾಜುಯೇಟ್ ಆದ’ ಅಂತ ಸಾರಿ, ಸಂಜೆ ಫೋನ್ ಮಾಡಿ “ಕೆಲಸ ಯಾವ ಕಂಪನೀಲಿ?” ಅಂತ ಕೇಳಿದರು. ಅವನಿಗೆ ಆಗ 18. ಊರಿನ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದ, ಅಷ್ಟೇ.

ಘಟಿಕೋತ್ಸವ ಅಂದರೆ ವಿಶ್ವವಿದ್ಯಾಲಯ. ಬೀಳ್ಕೊಡುಗೆ ಅಂದರೆ ಯಾರೋ ನಿವೃತ್ತರಾದರು ಅನ್ನಿಸುತ್ತದೆ. ಹೈಸ್ಕೂಲು ಅನ್ನುವುದೂ ತೊಡಕೇ, ನಮ್ಮಲ್ಲಿ ಅದು ಎಂಟರಿಂದ ಹತ್ತು, ಇಲ್ಲಿ ಒಂಬತ್ತರಿಂದ ಹನ್ನೆರಡು. ಲೆಕ್ಕದ ಪುಸ್ತಕದಿಂದಲೇ ತೆಗೆದರೆ ‘ಚುಕ್ತಾ’ ಇದೆ. ಅರ್ಥಕ್ಕೆ ಅಚ್ಚುಕಟ್ಟು. ಆದರೆ ಆಮಂತ್ರಣ ಪತ್ರಿಕೆಯಲ್ಲಿ ‘ನಮ್ಮ ಚಿರಂಜೀವಿಯ ಚುಕ್ತಾ ಸಮಾರಂಭ’ ಅಂತ ಹಾಕಿಸಿದರೆ ಬಂದವರು ಮನೆಯ ಸಾಲ ತೀರಿತು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಹೈಸ್ಕೂಲು ಮುಗಿಸಲು ಆಗಬೇಕಾದ್ದು’ ಅಂತ ಉದ್ದಕ್ಕೆ ಬರೆದಿದ್ದೇನೆ.

ಇನ್ನು ಎರಡು ಬೇಗ ಹೇಳಿಬಿಡುತ್ತೇನೆ. ಒಂದು ವಿಷಯಕ್ಕಿಂತ ಮೊದಲು ಮುಗಿಸಿರಬೇಕಾದ ಇನ್ನೊಂದು ವಿಷಯ, ಅಂದರೆ ಪ್ರಿರೆಕ್ವಿಸಿಟ್‌ಗೆ ‘ಪೂರ್ವಾಪೇಕ್ಷಿತ’ ಅಂತ ಕಂಡೆ. ಬಾಯಲ್ಲಿ ಹೊರಳುವುದಿಲ್ಲ. ‘ಜಾಮೆಟ್ರಿಗೆ ಆಲ್ಜೀಬ್ರಾ ಒನ್ ಮೆಟ್ಟಿಲು’ ಅಂತ ಬರೆದೆ, ಯಾರೂ ತಿರುಗಿ ಕೇಳಲಿಲ್ಲ.

ಕೌನ್ಸೆಲರ್‌ಗೆ ಮಾತ್ರ ದಯವಿಟ್ಟು ಯಾರೂ ‘ಆಪ್ತ ಸಮಾಲೋಚಕರು’ ಅನ್ನಬೇಡಿ. ನಾನು ಅಂದು ಅನುಭವಿಸಿದ್ದೇನೆ. ‘ಮಗು ವರ್ಷಕ್ಕೊಮ್ಮೆ ಆಪ್ತ ಸಮಾಲೋಚಕರನ್ನು ಕಾಣಬೇಕು’ ಅಂತ ಓದಿದ ಒಬ್ಬ ಅಜ್ಜಿ, ಮೊಮ್ಮಗಳಿಗೆ ಏನೋ ಮನಸ್ಸಿನ ತೊಂದರೆ, ಮಗ ಸೊಸೆ ಮುಚ್ಚಿಡುತ್ತಿದ್ದಾರೆ ಅಂತ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಆ ಹುಡುಗಿ ಹೋಗಿದ್ದು ಕೆಮಿಸ್ಟ್ರಿ ಈ ವರ್ಷವೋ ಮುಂದಿನ ವರ್ಷವೋ ಅಂತ ಕೇಳಲು. ಕೌನ್ಸೆಲಿಂಗ್ ಅಂತ ಬಿಟ್ಟರೂ ಸಿಇಟಿ ಸೀಟು ಹಂಚಿಕೆ ನೆನಪಾಗುತ್ತದೆ. ‘ವಿಷಯ ಆರಿಸಲು ನೆರವಾಗುವವರು’ ಅಂತ ಹಾಕಿದ್ದೇನೆ. ಚಿಕ್ಕದಾಗಿ ಏನಾದರೂ ಇದೆಯಾ?

ಹಾಳೆಯ ಎರಡನೇ ಪ್ರತಿ ಮುಂದಿನ ಭಾನುವಾರಕ್ಕೆ ಬೇಕು. ಆಯ್ಕೆ ಖಾತೆ, ಜಮೆ, ಬಾಕಿ, ಸಲ್ಲು, ಇವು ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ ಹೇಳಿ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು, ನನ್ನ ಕಿವಿ ಹಾಸನದ ಆಚೆ ಹೋಗಿಲ್ಲ. ಗ್ರಾಜುಯೇಷನ್‌ಗೆ ಏನು ಹೊಳೆದರೂ ಕಳಿಸಿ.

ಅಂದಹಾಗೆ, ‘ಐಚ್ಛಿಕ ಬಿಟ್ಟುಬಿಡು’ ಅಂದಿದ್ದ ತಾಯಿಯ ಮಗ ಕೊನೆಗೆ ಸೆರಾಮಿಕ್ಸ್ ತೆಗೆದುಕೊಂಡ. ಅವರ ಮನೆಯಲ್ಲಿ ಅದಕ್ಕೆ ಕುಂಬಾರಿಕೆ ಅನ್ನುತ್ತಾರೆ. ಅದೊಂದನ್ನು ನಾನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.