ಸಹಾಯ ಬೇಕ್ರಿ: ಮನಿ ರೆಕಾರ್ಡಿಂಗ್ ರೂಮಿಗೆ ಅಕೌಸ್ಟಿಕ್ ಪ್ಯಾನೆಲ್ (ದನಿ ಹೀರೂ ಹಲಗಿ)

ಎಲ್ಲಾರಿಗೂ ಶರಣ್ರಿ. ನಾ ಕಲಬುರಗಿಯಂವ. ನಮ್ಮಪ್ಪ ತತ್ವಪದ ಹಾಡ್ತಾರ, ಈಗ 71 ವರ್ಷ, ದನಿ ಗಟ್ಟಿ ಇರೂದ್ರಾಗೇ ಎಲ್ಲಾ ರೆಕಾರ್ಡ್ ಮಾಡಿ ಇಡಬೇಕಂತ ಮ್ಯಾಲಿನ 10 ಬೈ 12 ರೂಮ್ ಖಾಲಿ ಮಾಡೀನಿ, ಆದ್ರ ಕೆಳಗ ಶಹಾಬಾದ್ ಪರಸಿ, ಮ್ಯಾಲ ಸ್ಲ್ಯಾಬು, ಒಂದ್ ಚಪ್ಪಾಳಿ ಹೊಡದ್ರ ಟರ್ರ್ ಅಂತ ಗ್ವಾಡಿಯಿಂದ ಗ್ವಾಡಿಗೆ ಬಡಕೋತ ಹೋಗ್ತದ, ಏಕತಾರಿ ಎಳಿ ದನಿ ಅದ್ರಾಗ ಮುಳುಗೇ ಹೋಗ್ತದ.

ಮೊದಲ ತತ್ತಿ ಟ್ರೇ ಹಚ್ಚಿದ್ದೆ, ಏನೂ ಉಪಯೋಗ ಆಗ್ಲಿಲ್ಲ, ಅವು ಭಾಳ ಹಗುರ, ಮ್ಯಾಲಿನ ಸ್ವರ ಅಷ್ಟೇ ಸ್ವಲ್ಪ ತಿಂತಾವ, ದಮ್ಮಡಿ ಗುಂಯ್ ಅನ್ನೂದು ಹಂಗೇ ಅದ. ಅವ್ವನ ಎರಡು ಕೌದಿ ಹಗ್ಗಕ್ಕ ಹಾಕಿ ನೋಡಿದ್ರ ಅದಕ್ಕಿಂತ ಛಲೋ ಅನಿಸ್ತು.

ಈಗ 4 ಬೈ 2 ಫೂಟಿನ ಕಟಗಿ ಫ್ರೇಮ್ ಮಾಡಿ, ಒಳಗ 48 ಡೆನ್ಸಿಟಿ (ಒಂದ್ ಘನ ಮೀಟರಿಗೆ 48 ಕಿಲೋ) ರಾಕ್‌ವೂಲ್, ಅಂದ್ರ ಕಲ್ಲು ಕರಗಿಸಿ ತಗದ ಎಳಿಯ ಹಾಸು, 2 ಇಂಚಿಂದು ಇಟ್ಟು, ಗ್ವಾಡಿಗಿ ಅಂಟಿಸ್ದೆ 2 ಇಂಚ್ ಸಂದಿ ಬಿಟ್ಟು ತೂಗಹಾಕಬೇಕಂತ ಮಾಡೀನಿ, ಮೂಲಿಗೆ ಎರಡು ಪದರ ಹಾಕಿ 4 ಇಂಚ್. ಮ್ಯಾಲಿನ ಅರಬಿ ಬಾಯಿಗಿ ಹಿಡದು ಊದಿದ್ರ ಉಸಿರು ಆಚಿ ಹೋಗಬೇಕು, ಅಂಥದ್ದೇ ತರ್ತೀನಿ.

ಕೇಳೂದು ಇಷ್ಟರೀ. ರಾಕ್‌ವೂಲ್ ಒಂದೆರಡು ಬಂಡಲ್ ಕಲಬುರಗ್ಯಾಗೇ ಸಿಗ್ತದೇನು, ಇಲ್ಲಾಂದ್ರ ಹೈದರಾಬಾದಿಗೇ ಹೋಗಬೇಕಾ? ಅಪ್ಪಗ ದಮ್ಮಿನ ತ್ರಾಸ ಅದ, ರಾಕ್‌ವೂಲಿನ ಎಳಿ ಹೊರಗ ಉದುರಬಾರದಂದ್ರ ಒಳಗ ಯಾವ ಅರಬಿ ಸುತ್ತಬೇಕು? ನಿಮ್ಮ ಕೈಲೇ ಮಾಡಿದವ್ರು ಇದ್ರ ಫೋಟೋ ಹಾಕ್ರಿ, ಬಿಡುವಿದ್ರ ಒಮ್ಮಿ ಮನಿಗೇ ಬಂದು ರೂಮ್ ನೋಡ್ರಿ.